ಬುತ್ತಿ ಮುಗಿದ ದಿನ

ಮೊದಲ ಮೂರು ದಿನ ಏನೂ ಹಾಕಬಾರದಂತ.
ಹುಟ್ಟುವಾಗಲೇ ಹೊಟ್ಟಿಗಿ ಕಟಗೊಂಡು ಬಂದಿರ್ತಾವ
ಒಂದೊಂದು ಹಳದಿ ಬುತ್ತಿ.
ಪೈಪಿಗಿ ತಲಿ ಅಂಟಿಸಿ
ಬಾಲ ಅಲ್ಲಾಡಿಸ್ಕೋತ, ಅಲ್ಲಾಡಿಸ್ಕೋತ
ತಮ್ಮ ಗಂಟು ತಾವೇ ಕರಗಿಸಿಕೊಂಡು ಇರ್ತಾವ.
ನಾನು ಸುಮ್ಮನಿರಬೇಕು.
ಹದಿನೇಳು ವರ್ಷ ಅಂಗನವಾಡಿಯಾಗ ಉಣಿಸಿದ ಕೈ,
ಸುಮ್ಮನ ಹ್ಯಾಂಗ ಇದ್ದೀತು?

ತೊಟ್ಟಿ ನಮ್ಮದಲ್ಲ.
ಸ್ಟೇಷನ್ ರೋಡಿನ ಬ್ಯಾಂಕಿನ ಸಾಹೇಬ್ರು ವರ್ಗಾ ಆಗಿ ಹೋಗಾಗ
ಲಾರಿಯಾಗ ಗಾಜು ಒಡೀತದಂತ
"ಟೀಚರ್, ನೀವೇ ಇಟ್ಕೋರಿ" ಅಂದ್ರು:
ಎರಡು ಏಂಜಲ್ ಮೀನು, ಗುಳ್ಳಿ ಬಿಡೋ ಒಂದು ಮಷಿನ್.
ಅತ್ತಿ ಅಂದಳು,
ತಿನ್ನಾಕ ಬರದ ಮೀನು ಮನ್ಯಾಗ ಯಾಕವ್ವ.

ಮೊದಲ ಸಲದ ತತ್ತಿ ಅವೇ ತಿಂದವು, ಅವ್ವ ಅಪ್ಪ ಸೇರಿ.
ಮುಂಜಾನಿ ನೋಡಿದ್ರ ಪೈಪು ತೊಳದಿಟ್ಟಂಗ ಸ್ವಚ್ಛ.
ಎರಡನೇ ಸಲ ನಾನು ಪೈಪು ಸಮೇತ ಕಿತ್ತು
ಅದೇ ನೀರು ಹೊಯ್ದು
ಕಿರಾಣಿ ಅಂಗಡಿಯ ಪೆಪ್ಪರಮೆಂಟ್ ಭರಣಿಯಾಗ ಇಟ್ಟೆ.

ಐದನೇ ದಿನ ಕಳಚಿಕೊಂಡವು.
ನೀರಿನ ತುಂಬ ಕೂದಲ ತುಂಡು ಉದುರಿಸಿದಂಗ,
ತುಂಡಿಗೆರಡು ಕರಿ ಚುಕ್ಕಿ. ಅವು ಕಣ್ಣು.
ಬುತ್ತಿ ಮುಗದಿತ್ತು.

ತತ್ತಿ ಕುದಿಸಿದೆ.
(ಸೆಂಟರಿನದಲ್ಲ. ಬರಕೊಳ್ರಿ ಬೇಕಾದ್ರ:
ಸಾಬಮ್ಮನ ಅಂಗಡಿದು, ಏಳು ರೂಪಾಯಿ, ನನ್ನ ರೊಕ್ಕ.)
ಹಳದಿಯಷ್ಟೇ ತಗದು, ಹಳೇ ಧೋತರದ ತುಂಡಿನಾಗ ಕಟ್ಟಿ
ನೀರಿಗದ್ದಿ ಹಿಂಡಿದೆ. ಮಂಜಿನಂಗ ಇಳೀತು.
ಇಷ್ಟು ಸಾಕು ಅಂದಳು ಒಳಗೊಬ್ಬಾಕಿ.
ಇನ್ನೊಂಚೂರು, ಪಾಪ, ಅಂದಳು ಇನ್ನೊಬ್ಬಾಕಿ.
ನಾನು ಎರಡನೆಯಾಕಿ ಮಾತು ಕೇಳಿದೆ.

ಮರುದಿನ ಭರಣಿ ನಾರತಿತ್ತು.
ಅರ್ಧಕ್ಕರ್ಧ ತಳದಾಗ ಬಿಳಿ ನೂಲಾಗಿ ಬಿದ್ದಿದ್ದವು.
ಹಸಿದಲ್ಲ.
ಉಳಿದ ಕೂಳು ಕೊಳೆತು ನೀರೇ ಸತ್ತಿತ್ತು.
ತೂಕದ ಪಟ್ಟಿಯೊಳಗ ಕೆಂಪಿಗಿಳಿದ ಕೂಸಿನ ಹೆಸರು
ಎಷ್ಟು ಬರದೀನೋ ಏನೋ.
ಕಡಿಮಿ ಅನ್ನೋದೊಂದೇ ಗೊತ್ತಿತ್ತು ನನಗ.
ಹೆಚ್ಚಿಗೂ ಸಾಯ್ತಾವಂತ
ಯಾವ ಟ್ರೇನಿಂಗಿನಾಗೂ ಹೇಳಿರಲಿಲ್ಲ.

ತಾಯಪ್ಪ ಏನೂ ಅನ್ನಲಿಲ್ಲ.
ಹೈದರಾಬಾದಿಗಿ ಮೆಣಸಿನಕಾಯಿ ಲೋಡ್ ಒಯ್ದಾವ
ಬರೂ ಮುಂದ ಒಂದು ಸಣ್ಣ ಡಬ್ಬಿ ತಂದ.
ಒಳಗ ನಶ್ಯದಂಥ ಪುಡಿ.
ಅದೂ ತತ್ತಿಯಂತ, ಉಪ್ಪುನೀರಿನ ಯಾವದೋ ಹುಳದ್ದು.
ಬುಡ ಕೊಯ್ದು ತಲಿಕೆಳಗ ಮಾಡಿದ ಬಾಟ್ಲಿ,
ಎರಡು ಚಮಚಿ ಕಲ್ಲುಪ್ಪು, ಗುಳ್ಳಿ, ಬಲ್ಬಿನ ಬೆಳಕು.
ಬಿಸಿ ಬ್ಯಾರೆ ಬೇಕಿಲ್ಲ,
ಯಾದಗಿರಿಯಾಗ ಏಪ್ರಿಲ್ ಅದನ್ನ ಪುಕ್ಕಟೆ ಕೊಡ್ತದ.
ಮರುದಿನ ಬಾಟ್ಲಿಯಾಗ ಕೇಸರಿ ಧೂಳು
ಜೀವ ಬಂದು ಓಡಾಡತಿತ್ತು.

ಬಟ್ಟಿಯಾಗ ಸೋಸಿ, ಉಪ್ಪು ತೊಳದು,
ಸಿರಪ್ಪಿನ ಖಾಲಿ ಡ್ರಾಪರಿನಾಗ ಒಂದು ಹನಿ.
ಒಂದೇ.
ಇನ್ನೊಂದು? ಅಂತು ಬಲಗೈ.
ಎಡಗೈಲಿಂದ ಹಿಡಕೊಂಡೆ.

ಕೂದಲ ತುಂಡು ಬಿಲ್ಲಿನಂಗ ಬಾಗಿ,
ಒಂದು ಗಳಿಗಿ ತಡದು, ಚಿಮ್ಮಿತು. ಹಿಡೀತು.
ಹತ್ತು ನಿಮಿಷಕ್ಕ ಎಲ್ಲಾರ ಹೊಟ್ಟಿ ಕಿತ್ತಳಿ.
ಗಾಜಿನ ಮೈ, ಉಂಡದ್ದು ಹೊರಗೇ ಕಾಣ್ತದ.
ನಮ್ಮ ಕೂಸುಗಳದ್ದೂ ಹೀಂಗ ಕಂಡಿದ್ರ
ಮನ್ಯಾಗ ಉಂಡು ಬಂದ್ಯಾ ಅಂತ ನಾನು ಕೇಳ್ತಿರಲಿಲ್ಲ,
ಹೂಂ ಅಂತ ಸುಳ್ಳು ಹೇಳ್ತಿರಲಿಲ್ಲ
ನಾಕು ವರ್ಷದ ಮೋನಮ್ಮ.

ಈಗ ಕರೆಂಟ್ ಹೋಗ್ಯಾದ. ಮಷಿನ್ ನಿಂತದ.
ಲೋಟದಲೆ ನೀರು ಎತ್ತಿ,
ಒಳಗ ಮರಿ ಬಂತೇನಂತ ನೋಡಿ,
ಮ್ಯಾಲಿಂದ ಸಣ್ಣಗ ಹೊಯ್ತಾ ಕುಂತೀನಿ.
ಗುಡ್ಡದ ಕ್ವಾಟಿ ಕಡಿಯಿಂದ ಗಾಳಿ ಸುದ್ದಿಲ್ಲ.
ಎರಡರ ಗಾಡಿ ಹೋದ ಮ್ಯಾಲ ಅತ್ತಿ ಎದ್ದು ಬಂದು
ತಾ ಇಲ್ಲಿ, ಅಂತ ಲೋಟ ಇಸಗೊಂಡಳು.
ಎಷ್ಟು ಉಳದಾವ?
ಟಾರ್ಚ್ ಬಿಟ್ಟೆ.
ಮೂವತ್ತಾರು. ಮೂವತ್ತೇಳು. ಏ, ನಿಂದರೋ ಒಂದೀಟು.
ಇದನ್ನ ಎಣಿಸಿದ್ನಿಲ್ಲೋ?
ತಡೀರಿ ಅತ್ತಿ, ಮತ್ತ ಮೊದಲಿಂದ.