ಪಡುವಿಗೆ ಸಮುದ್ರ

ಎರಡನೇ ಶನಿವಾರ. ಸಬ್‌ರಿಜಿಸ್ಟ್ರಾರರ ಬಾಗಿಲಿಗೆ ಬೀಗ.
ಮಂಜೇಶ್ವರದ ಆ ಬಾಗಿಲೆದುರು ಬೆಂಚು ಹಾಕಿ
ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದೇನೆ:
ಮೂಡಿಗೆ ಕಾಲುದಾರಿ,
ತೆಂಕಿಗೆ ಇಂಥವರ ಅಗಳು, ಬಡಗಿಗೆ ಇಂಥವರದ್ದು,
ಪಡುವಿಗೆ ಸಮುದ್ರ.

ಅದೊಂದನ್ನು ನೋಡಿಕೊಂಡು ಬರುವಾ ಅಂತ
ಕಾರು ತೆಗೆದೆ.
ಐವತ್ತಕ್ಕೆ ಸಿಕ್ಕಿದ ಲೈಸನ್ಸು,
ಮೂರು ಕೈ ದಾಟಿ ಬಂದ ಬಿಳಿ ಕಾರು,
ಪಕ್ಕದ ಸೀಟಿನಲ್ಲಿ ಅವಲಕ್ಕಿ ಡಬ್ಬಿ, ಹಳೆಯ ಕರಡುಗಳ ಫೈಲು.
ಫೈಲಿಗೂ ಬೆಲ್ಟು ಹಾಕಿದೆ; ನನ್ನ ಬ್ರೇಕು ಸ್ವಲ್ಪ ಗಡುಸು.
ಮುಂದೆ ಹೋಗುವುದು ಬರುತ್ತದೆ.
ಹಿಂದೆ ತೆಗೆಯುವುದು ಅಷ್ಟಕ್ಕಷ್ಟೆ.

ಕಣ್ವತೀರ್ಥದಲ್ಲಿ ಬಲೆ ಕೊಡಹುತ್ತಿದ್ದವರು
ತಲೆಯೆತ್ತಿ ನಂಬರ್ ಪ್ಲೇಟು ಓದಿದರು.
ಹದಿನಾಲ್ಕು. ನಮ್ಮದೇ. ಮತ್ತೆ ಬಲೆಗೆ ಬಗ್ಗಿದರು.
ಸಮುದ್ರ ಕರಡಿನಲ್ಲಿದ್ದ ಹಾಗೇ ಇತ್ತು.
ಪೆನ್ಸಿಲಿನಲ್ಲೊಂದು ಗೀಟು ಹಾಕಿದೆ.

ಉಪ್ಪಳದಲ್ಲಿ ಹೆದ್ದಾರಿ ಕಂಬ ಹತ್ತಿ ನಿಂತಿದೆ,
ಕೆಳಗೆ ನಾವೆಲ್ಲ ಧೂಳಿನಲ್ಲಿ ಸಾಲಾಗಿ.
ಬೋರ್ಡುಗಳಲ್ಲಿ ಕನ್ನಡ ಕೊನೆಯ ಸಾಲು,
ಕೆಸರು ಮೊದಲು ಹಾರುವುದು ಆ ಸಾಲಿಗೆ.
ಬಂಕಿನ ಹುಡುಗ ಹಿಂದಿಯಲ್ಲಿ ಕೇಳಿದ,
ಮಲಯಾಳದಲ್ಲಿ ಐನೂರಕ್ಕೆ ಎಂದೆ,
ಹಾರ್ನು ಹೊಡೆದ ಲಾರಿಯವನಿಗೆ ತುಳುವಿನಲ್ಲಿ ಬೈದೆ.
ಚಿಲ್ಲರೆ ಎಣಿಸಿಕೊಂಡದ್ದು ಮಾತ್ರ ಕನ್ನಡದಲ್ಲಿ.

ಕುಂಬಳೆ ದಾಟಿ ಕೊಯಿಪಾಡಿಯ ಓಣಿಗೆ ತಿರುಗಿದೆ.
ಮರಿಯುಮ್ಮ ಮಗಳಿಗೆ ಕೊಟ್ಟ ಹನ್ನೊಂದೂವರೆ ಸೆಂಟ್ಸು.
ದಾನಪತ್ರ ನನ್ನ ಕೈಯದ್ದೇ,
ಅಕ್ಷರ ಆಗ ಇನ್ನೂ ದುಂಡಗಿತ್ತು.
‘ಅಲ್ಲಿ ನೋಡಿ’ ಎಂದಳು ಮಗಳು ಸುಹರಾ,
ನೀರಿನ ನಡುವೆ ಬಾವಿಯ ಸಿಮೆಂಟು ಬಳೆ,
ಒಂದು ಅಲೆ ಒಳಗೆ ಇಳಿದು
ಸಿಹಿನೀರು ಹುಡುಕಿ ವಾಪಸು ಬರುತ್ತಿತ್ತು.
‘ಒಗೆಯುವ ಕಲ್ಲು ಇಳಿತಕ್ಕೆ ಕಾಣ್ತದೆ.
ತೆಂಗು ಮೂರು ಹೋಯ್ತು.
ತೀರ್ವೆ ಈಗಲೂ ಹನ್ನೊಂದೂವರೆಗೇ ಕಟ್ಟುವುದು,
ಬಿಟ್ಟರೆ ಕಡಲಿನದ್ದೇ ಆಗಿಬಿಡ್ತದಲ್ಲ?’
ಸುಲೈಮಾನಿ ಕೊಟ್ಟಳು. ಸಕ್ಕರೆ ಜಾಸ್ತಿ.
ಪೆನ್ಸಿಲು ಕಿವಿಯ ಮೇಲೆಯೇ ಉಳಿಯಿತು.

ಓಣಿ ಅಲ್ಲಿಗೇ ಮುಗಿದಿತ್ತು.
ಎಲ್ಲಿಂದಲೋ ಬಂದ ಒಬ್ಬ ಪೋರ, ಅಂಗಿಯಿಲ್ಲ,
ಕಾರಿನ ಹಿಂದೆ ನಿಂತು ಎರಡೂ ಕೈ ಬೀಸಿದ:
‘ಬರಟ್ಟೆ... ಬರಟ್ಟೆ... ಬರಟ್ಟೆ...
ನಿಲ್ಲಿ!’
ಕಡಲಿಗೆ ಮುಖ ಮಾಡಿಕೊಂಡೇ
ಮುನ್ನೂರು ಮಾರು ಹಿಂದೆ ಹೋದೆ.
ಅದು ಸಣ್ಣದಾಗಲೇ ಇಲ್ಲ.

ಕಾಸರಗೋಡು ಪೇಟೆ ಎರಡನೇ ಗೇರಿನಲ್ಲಿ.
ಚಂದ್ರಗಿರಿ ಸಂಕದ ಮೇಲೆ ಕಿಟಕಿ ಇಳಿಸಿದೆ,
ಸೆರಗು ಹಾರಿ ಕನ್ನಡಿಗೆ ಬಿತ್ತು.

ಕಾಪಿಲಿನ ಮರಳಂಚಿಗೆ ಮಧ್ಯಾಹ್ನ.
ದೂರದಲ್ಲಿ ಬೇಕಲದ ಕೋಟೆ, ಹತ್ತಲಿಕ್ಕೆ ಮನಸ್ಸಿಲ್ಲ.
ಬಾನೆಟ್ಟಿಗೊರಗಿ ಅವಲಕ್ಕಿ ತಿಂದೆ.
‘ಒಟ್ಟಕ್ಕಾ?’ ಎಂದ ಬೊಂಡದವನು.
ಒಬ್ಬಳೇಯಾ ಅಂತ ಅವನ ಪ್ರಶ್ನೆ,
ಒಟ್ಟಿಗಾ ಅಂತ ಕೇಳಿಸಿತು ನನ್ನ ಕಿವಿಗೆ.
ಹೌದೆಂದೆ. ಎರಡಕ್ಕೂ ನಡೆಯುತ್ತದೆ.
ಎಷ್ಟೋ ಸಾವಿರ ಪತ್ರಗಳ ಬುಡದಲ್ಲಿ ನನ್ನ ಹೆಸರುಂಟು:
ಬರೆದವಳು, ಜಲಜಾಕ್ಷಿ.
ಕೊಟ್ಟವಳು ಒಂದರಲ್ಲೂ ಅಲ್ಲ, ಪಡೆದವಳೂ ಅಲ್ಲ.
ಬೊಂಡದ ಗಂಜಿ ಕೆರೆದು ತಿಂದೆ. ನಲವತ್ತು ರೂಪಾಯಿ.

ಹೋಗುವಾಗ ನನ್ನ ಬದಿಗಿದ್ದ ಕಡಲು
ಬರುವಾಗ ಫೈಲಿನ ಬದಿಗೆ.
ಶಿರಿಯದಲ್ಲಿ ಸೂರ್ಯ ಅದರ ಮೇಲೇ ಕೂತ,
ಕಾಗದವೆಲ್ಲ ಮೀನಿನ ಚೂರಿನ ಹಾಗೆ ಹೊಳೆದವು.
ಸೋಮವಾರ ಯಾರೋ ಬರುತ್ತಾರೆ, ನಾನು ಬರೆಯುತ್ತೇನೆ.
ಬೇರೆ ಏನು ಅಂತ ಬರೆಯುವುದು?

ಮನೆ ಮುಟ್ಟುವಾಗ ಕತ್ತಲು.
ಶೆಡ್ಡಿಗೆ ಹಿಂದಿನಿಂದಲೇ ಹೋಗಬೇಕು,
ನೆರೆಮನೆಯ ಹುಡುಗ ಟ್ಯೂಷನ್ನಿಗೆ ಹೋಗಿದ್ದಾನೆ.
ಕುತ್ತಿಗೆ ತಿರುಗಿಸಿ, ಕ್ಲಚ್ಚು ಮೆಲ್ಲ ಬಿಟ್ಟು,
ನನಗೆ ನಾನೇ ಅಂದುಕೊಂಡೆ,
ಬರಟ್ಟೆ,
ಬರಟ್ಟೆ.