ಎರಡು ಸಲ ಟಕ್

ಏರುವಾಗ ಅದು ಬೆನ್ನಚೀಲಕ್ಕೆ ಜೋತುಬಿದ್ದಿರುತ್ತದೆ,
ಬಯಲಲ್ಲಿ ಸಿಕ್ಕ ಎತ್ತಿನ ದವಡೆಮೂಳೆಯ ಹಾಗೆ.
ಪೆಡಲು ತುಳಿದಂತೆಲ್ಲ ನೀರಿನ ಬಾಟಲಿಗೆ ಬಡಿದು
ಯಾರದೋ ಮಾತು ಜಗಿಯುತ್ತದೆ.

ಗಾಳಿಫ್ಯಾನಿನ ಗುಡ್ಡ ಹತ್ತಲು ಬಾಯಿ ಬೇಕು.
ಉಸಿರಿಗೆ ಬೇಕು, ಬೈಗುಳಕ್ಕೆ ಬೇಕು.
ದಾರಿಗೆ ಅಡ್ಡ ಕುರಿ ಬಿಟ್ಟುಕೊಂಡ ಅಜ್ಜ
"ಬೈಕು ಅಂತೀಯ, ಇಂಜಿನ್ ಎಲ್ಲೈತೆ ತಾಯಿ?" ಅಂದರೆ
ತೊಡೆ ತಟ್ಟಿ ತೋರಿಸಿ ನಗುವುದಕ್ಕೆ,
ಅವನು ಕೊಟ್ಟ ಹಸಿ ಶೇಂಗಾ
ಹಲ್ಲಲ್ಲೇ ಒಡೆದು ಸಿಪ್ಪೆ ಉಗಿಯುವುದಕ್ಕೆ.

ಮೇಲೆ, ಕಂಬದ ನೆರಳಿಗೆ ಸೈಕಲ್ಲು ಒರಗಿಸಿ
ದುರ್ಗ ನೋಡುತ್ತೇನೆ. ಬಂಡೆಗಳು,
ಆಡಿದವರು ಎತ್ತಿಡದೆ ಊಟಕ್ಕೆ ಹೋದಂತೆ.
ಇಳಿಯುವ ದಾರಿ ಕಾಣುವುದಿಲ್ಲ.
ಕಲ್ಲು ಕಾಣುತ್ತದೆ.

ಆಗ ಅದನ್ನು ಬಿಚ್ಚಿ ಹೆಲ್ಮೆಟ್ಟಿಗೆ ಹಿಡಿದು
ಎಡಗೆನ್ನೆಯ ಪಕ್ಕ, ಟಕ್.
ಬಲಗೆನ್ನೆಯದಕ್ಕೆ ಕಾಯುತ್ತೇನೆ.

ಅಣ್ಣ ಓಬಳೇಶನದು ಬರೀ ಟೊಪ್ಪಿಯಂಥ ಹೆಲ್ಮೆಟ್ಟು.
ಇದೇ ಇಳಿಜಾರು, ಇಲ್ಲಿಂದ ಮೂರನೆಯ ತಿರುವು.
"ತಲೆ ಉಳೀತು" ಅಂದರು ಡಾಕ್ಟರು,
ತಲೆ ಉಳಿದವನ ದವಡೆಗೆ ತಂತಿ ಬಿಗಿಯುತ್ತ.
ಆರು ವಾರ ರಾಗಿ ಅಂಬಲಿ, ಸ್ಟ್ರಾ.
ಮುದ್ದೆಗೆ ಹಲ್ಲು ಬೇಡ, ನುಂಗಿದರೆ ಸಾಕು
ಎಂದು ಹುಟ್ಟಿದಾಗಿಂದ ಹೇಳಿಕೊಂಡು ಬಂದ ಮನೆಯಲ್ಲಿ
ನುಂಗಲೂ ಬಾಯಿ ತೆರೆಯಬೇಕು ಅಂತ
ಯಾರೂ ಯೋಚಿಸಿರಲಿಲ್ಲ.
ಸ್ಲೇಟು ಕೊಟ್ಟೆವು. ಮೊದಲು ಬರೆದದ್ದು:
"ಸೈಕಲ್ಲಿಗೆ ಏನಾಯ್ತು?"

ತಂತಿ ತೆಗೆದರು. ಮಾತು ಬಂತು.
ಕೆಳತುಟಿಯ ಎಡಭಾಗ ಮಾತ್ರ ವಾಪಸು ಬರಲಿಲ್ಲ.
ಚಹಾ ಸೋರಿದರೆ ಅವನಿಗೆ ಗೊತ್ತಾಗುವುದಿಲ್ಲ,
ನಾವು ಹೇಳುವುದಿಲ್ಲ.
ನಮ್ಮ ಕಣ್ಣು ನೋಡಿ ಒರೆಸಿಕೊಳ್ಳುತ್ತಾನೆ.

ನನಗೆ ಈ ಹೆಲ್ಮೆಟ್ಟು ತಂದವನೂ ಅವನೇ,
ದಾವಣಗೆರೆಯ ಯಾವನೋ ಹುಡುಗ ಮಾರಿದ್ದು,
ಬಲಗಡೆಯ ಕೊಂಡಿ ಮುರಿದದ್ದು.
ಸಂತೆಹೊಂಡದ ಹತ್ತಿರ ದಾದಾಪೀರ್ ಸಾಹೇಬರು
ಕೊಡೆ, ಜಿಪ್ಪು, ಕುಕ್ಕರಿನ ಹಿಡಿ,
ಊರಿನ ಮುರಿದದ್ದನ್ನೆಲ್ಲ ಕೂಡಿಸುವವರು,
ಇದನ್ನು ತಿರುಗಿಸಿ, ಬೆಳಕಿಗೆ ಹಿಡಿದು,
ವಾಪಸು ಕೊಟ್ಟರು.
"ಚೀಲ ಆಗಿದ್ದರೆ ತಂತಿ ಸುತ್ತಿ ಕೊಡ್ತಿದ್ದೆ.
ಇದರೊಳಗೆ ಮುಖ ಐತಲ್ಲಮ್ಮ. ನಾನು ಮುಟ್ಟಲ್ಲ."
ಕಂಪನಿಯ ಕೊಂಡಿ ಅಂಚೆಯಲ್ಲಿ ಬರಲು ನಲವತ್ತು ದಿನ.
ನಲವತ್ತು ದಿನ ಸೈಕಲ್ಲು ಹಿತ್ತಲಲ್ಲಿ,
ಅದರ ಹ್ಯಾಂಡಲ್ಲಿನ ಮೇಲೆ ಅವ್ವನ ಒಗೆದ ಸೀರೆ.

ಟಕ್.
ಈಗ ನನ್ನ ಉಸಿರು ನನಗೇ ಕೇಳಿಸುತ್ತದೆ,
ಬಾವಿಯೊಳಗೆ ಬಗ್ಗಿ ಮಾತಾಡಿದ ಹಾಗೆ.

ಮೊದಲ ತಿರುವು ದಾಟಿದ್ದು ನೆನಪಿದೆ.
ಎರಡನೆಯದು ಕೈಯೇ ದಾಟಿತು.
ಮೂರನೆಯದರಲ್ಲಿ ಅಣ್ಣನನ್ನು ನೆನೆದೆ,
ನೆನೆಯಬಾರದಿತ್ತು.
ಮುಂದಿನ ಗಾಲಿ ಜಲ್ಲಿಯಲ್ಲಿ ಹೂತು
ಗುಡ್ಡ ಎದ್ದು ಮುಖಕ್ಕೆ ಬಂತು.

ಸದ್ದು. ಆಮೇಲೆ ಧೂಳು.
ಆಮೇಲೆ ನಾಲಗೆ ಒಂದೊಂದೇ ಹಲ್ಲು ಮುಟ್ಟಿ
ಹಾಜರಿ ಹಾಕಿಕೊಂಡಿತು.
ಎಲ್ಲ ಇದ್ದವು. ಹೊರಗೆ, ಗದ್ದ ಇರಬೇಕಾದಲ್ಲಿ,
ಬೆರಳು ಹೋಗುವಷ್ಟು ಬಿರುಕು.

ಮನೆಯಲ್ಲಿ ಓಬಳೇಶ ಆ ಬಿರುಕಿನಲ್ಲಿ
ಬೆರಳಾಡಿಸಿದ, ಬಹಳ ಹೊತ್ತು.
"ಇನ್ನು ಇದು ಬರಲ್ಲ" ಅಂದ, "ಒಂದೇ ಏಟಿಗೆ ಇದರ ಕೆಲಸ ಮುಗೀತು.
ಹೊಸದು ತರಿಸೋಣ." ಬೈಯಲಿಲ್ಲ.
ಅವ್ವ ಅದನ್ನು ಅಡುಗೆಮನೆಯ ಮೊಳೆಗೆ ಹಾಕಿ
ಬೆಳ್ಳುಳ್ಳಿಯ ಗೊಂಚಲು ಕಟ್ಟಿದಳು.

ಚಹಾ ಬಂತು. ಅವನ ಲೋಟ, ನನ್ನ ಲೋಟ.
ಅವನ ತುಟಿಯ ಅಂಚಿಂದ ಒಂದು ಹನಿ ಇಳಿಯತೊಡಗಿತು.
ಅವನು ನನ್ನ ಕಡೆ ನೋಡುವ ಮೊದಲೇ
ಒಣಗಿದ್ದ ನನ್ನ ಗದ್ದವನ್ನು
ನಾನು ಒರೆಸಿಕೊಂಡೆ.