ತಸ್ಲೀಮಾಗ, ರಾತ್ರಿ ಎರಡಕ್ಕ

ತಸ್ಲೀಮಾ, ನೀ ಮಲ್ಕೊಂಡಿರ್ತಿ. ಮಲ್ಕೊ.
ನಂಗ ನಿದ್ದಿ ಬರಂಗಿಲ್ಲ ಇವತ್ತು.
ಮಾಳಿಗಿ ಮ್ಯಾಲ ಎರಡು ಕೊಡ ನೀರು ಹೊಡದೀನಿ,
ಕಲ್ಲು ಇನ್ನಾ ಹಂಚಿನಂಗ ಕಾದದ,
ಕಿವ್ಯಾಗ ಜೀರುಂಡಿ,
ಮತ್ತ ನಗ್ಲತ್ತೀನಿ ಒಬ್ಬಾಕಿನೇ, ಹುಚ್ಚೀ ಹಂಗ.

ಆರಕ್ಕ ಅಂದಿದ್ರು. ಎಂಟೂವರಿ ಆಯ್ತು.
ಎಂ.ಎಸ್.ಕೆ. ಮಿಲ್ಲಿನ ಹಿಂದಿನ ಬಯಲಾಗ
ಕಬ್ಬಿಣದ ಕಟಾಂಜನ ಮುಟ್ಟಿದ್ರ ಬೊಬ್ಬಿ.
ನಾ ದುಪಟ್ಟಾ ಸುತ್ತಿ ಹಿಡ್ಕೊಂಡು ನಿಂತೆ
ಮೊದಲನೇ ಸಾಲು, ಎಡಕ್ಕ, ರುಬೀನಾಳ ಬಾಸ್ ಗಿಟಾರಿನ ಮುಂದ.
ಜಾಗ ಹೋದೀತಂತ ನೀರು ಸೈತ ಕುಡೀಲಿಲ್ಲ.

ಆಮ್ಯಾಲ ಬಂದರು, ನಮ್ ಫರ್ಸಿ ಬ್ಯಾಂಡಿನವರು.
ಏನ್ ಹೇಳ್ಲಿ, ಬಂದರು ಅಷ್ಟೇ.
ಸಾಯಬಣ್ಣ ಕೊಳ್ಳಾಗ ಒದ್ದಿ ಟವೆಲ್ಲು ಹಾಕ್ಕೊಂಡು,
ಯೇಸುಮಿತ್ರ ವಯರ್ ಎಡವಿ, ಬೀಳ್ಲಿಕ್ಕೆ ಹೋಗಿ,
ಕಸ್ತೂರಿ ಎಲ್ಲಾರ್ಗಿಂತ ಹಿಂದ, ಚಪ್ಪಲಿ ಕೈಯಾಗ.
"ಊಟ ಆಯ್ತೇನ್ರೋ ಎಲ್ಲಾರ್ದೂ?" ಅಂದಳು.
ಎರಡು ಸಾವಿರ ಮಂದಿ "ಇಲ್ಲಾ" ಅಂತ ಒದರಿದ್ರು.
ನಾ ಉಂಡಿದ್ದೆ. ನಾನೂ ಇಲ್ಲಾ ಅಂದೆ.

ಮೊದಲನೇ ಹಾಡು ಯಾವುದು, ಹೇಳು?
ನಾವಿಬ್ರೂ ಕಟ್ಟಿದ ಪಣ ಹುಸಿ.
'ರೇಟಿನ ಹಲಗಿ' ಅಲ್ಲ, 'ಮೂರನೇ ಪಾಳಿ' ಅಲ್ಲ,
'ಖಾಲಿ ಕೊಡ'!
ಶಹಾಬಾದದಾಗ ಬರೇ ನಲವತ್ತು ಮಂದಿ ಇದ್ದಾಗ
ಒಮ್ಮೆ ಹಾಡಿ ಕೈಬಿಟ್ಟಿದ್ರಲ್ಲ, ಅದು.
ಮೊದಲ ಪೆಟ್ಟಿಗೇ ಗೊತ್ತಾಯ್ತು ನಂಗ.
ಬಾಜೂಕಿನ ಹುಡುಗ ಇನ್ನಾ ಫೋನ್ ಎತ್ಲತ್ತಿದ್ದ,
ನಾ ಅಳ್ಲತ್ತಿದ್ದೆ.

ಖರೇ ಹೇಳ್ಬೇಕಂದ್ರ ಎಲ್ಲಾ ಛಂದ ಇರ್ಲಿಲ್ಲ.
ಬಾಸ್ ಕೇಳಸ್ಲಿಲ್ಲ, ಸ್ಪೀಕರ್ ಗೊರಗೊರ,
ಹೊಸಾ ಹಾಡಿನ ಎರಡನೇ ನುಡಿ ಕಸ್ತೂರಿ ಮರ್ತಳು,
ಮರ್ತು, ಮೊದಲನೇದೇ ಮತ್ತೊಮ್ಮೆ ಹಾಡಿ, ಕಣ್ಣು ಹೊಡದಳು.
ನಿನ್ನ ಪಾಲಿನ ಹಾಡು ಹಾಡ್ಲಿಲ್ಲ.
ಕೂಗಿದ್ದೆ ನಾ, ನಾಕು ಸಲ. ಸಿಟ್ಟಾಗಬ್ಯಾಡ.

ಇದೊಂದು ಕೇಳು. ಇದನ್ನೇ ಹೇಳ್ಬೇಕಂತ ಎಚ್ಚರ ಇದ್ದೀನಿ.
'ಮೂರನೇ ಪಾಳಿ' ನಡುವ ಎಲ್ಲಾ ವಾದ್ಯ ನಿಂದ್ರತಾವಲ್ಲ,
ಬರೇ ಆಕಿ ದನಿ ಇರ್ತದಲ್ಲ, ಅಲ್ಲಿ,
ಆಕಿ ಬಾಯಿ ತೆರೆಯೂದ್ರಾಗ
ಸೋಲಾಪುರದ ಕಡಿಂದ ಗೂಡ್ಸ್ ಗಾಡಿ ಕೂಗ್ತು.
ಉದ್ದ ಕೂಗು. ಬಯಲೆಲ್ಲಾ ತುಂಬಿ ನಿಂತಂಥಾದ್ದು.
ಮಂದಿ ನಕ್ಕರು. ಆಕಿ ನಗಲಿಲ್ಲ.
ತಲಿ ಓರಿ ಮಾಡಿ ಕೇಳಿದಳು,
ಗಾಡಿ ದಾಟೂತನಕ ನಿಂತಳು, ಡಬ್ಬಿ ಎಣಿಸಿದಂಗ,
ಆಮ್ಯಾಲ ಅದೇ ಸ್ವರ ಹಿಡದು ಎತ್ತಿದಳು ಹಾಡು
ಗಾಡಿ ಬಿಟ್ಟ ಜಾಗದಿಂದ.
ಯೇಸುಮಿತ್ರ ಗಾಬರಿ ಬಿದ್ದು ತಂತಿ ತಿರುವಿದ್ದು ನೋಡಬೇಕಿತ್ತು ನೀ!
ಈ ಸೆಕಿಯಾಗ, ನಲವತ್ಮೂರು ಡಿಗ್ರಿಯಾಗ,
ಮೈಮ್ಯಾಲ ಮುಳ್ಳು ಎದ್ದಿದ್ದು ಇನ್ನಾ ಇಳದಿಲ್ಲ.

ನಾಳಿ ಎಂಟಕ್ಕ ದಾಲ್ ಮಿಲ್ಲಿಗಿ ಹೋಗ್ಬೇಕು.
ಕಾಟಾದ ಮುಂದ ಕುಂತು ತೂಕ ಕೂಗೂದು ನನ್ನ ಕೆಲಸ,
ಗಂಟಲಾಗ ದನಿ ಇಲ್ಲ ಒಂದು ಗುಂಜಿ!
ಬೆರಳಿಲೇ ತೋರಿಸ್ತೀನಿ, ಐವತ್ತು, ಐವತ್ತೂ ಕಾಲು.
ಗುಮಾಸ್ತ ಬಸಲಿಂಗಪ್ಪ ಬೈತಾನ. ಬೈಲಿ.
ಅಂವಗೇನು ಗೊತ್ತು, ಬ್ಯಾಳಿ ಒಡಿಯೂ ಮಶೀನು
ಸಾಯಬಣ್ಣನ ತಾಳನೇ ಹಾಕ್ತದ, ಒಂದು ಪೆಟ್ಟು ಕಮ್ಮಿ.

ಇದು ಶುರುವಾತು ಅಷ್ಟೇ. ಇನ್ನ ಸೇಡಂ, ಯಾದಗಿರಿ, ಬೀದರ,
ಮಿರಗದ ಮಳಿಗಿ ಮುಂಚೆ ಹನ್ನೊಂದು ಊರು.
ಯಾದಗಿರಿ ಶನಿವಾರ.
ರೇಲ್ವೆ ತಿಕೀಟಿನ ಲೆಕ್ಕ ಹಾಕೀನಿ,
ನಿಮ್ಮ ಅಮ್ಮೀಗಿ ಏನ್ ಸುಳ್ಳು ಹೇಳೂದು, ಅದನ್ನೂ.

ಎಡಗೈ ಮಣಿಕಟ್ಟಿನ ಮ್ಯಾಲ
ಬಾಗಿಲದಾಗ ಹೊಡದ ಸಿಕ್ಕಾ ಅದ, ನೀಲಿ ಶಾಯಿ,
ಬೆವರಿಗಿ ಅಳಸಿ 'ಫ' ಒಂದೇ ಉಳದದ.
ಮನಿಗಿ ಬಂದು ಮೈ ತೊಳಕೊಳ್ಳೂವಾಗ ಆ ಕೈ
ಮ್ಯಾಲೇ ಎತ್ತಿ ಹಿಡದಿದ್ದೆ,
ಅಲ್ಲಿ ಹಿಡದಿದ್ದೆನಲ್ಲ, ಹಂಗ.